ಹೊತ್ತು ಹೋಗವಲ್ದು ಅಂದವರಿಗೆ

ಕರೋನಾದ ಮೊದಲ ಲಾಕ್‌ಡೌನ್ ಮುಗಿದು ಐದು ವರ್ಷದ ಮೇಲಾಯಿತು. ಈಗ ಯಾರ ಮನೆಗೆ ಹೋದರೂ, ಅದರ ಮಾತು ಬಂತೆಂದರೆ ಗಂಡಸರ ಮುಖದಲ್ಲಿ ಒಂದು ನಮೂನೆ ಕಳೆ ಬರುತ್ತದೆ. "ಆವಾಗ ಎಷ್ಟು ಛಲೋ ಇತ್ತು ನೋಡ್ರಿ. ಮನಿ ಮಂದಿ ಎಲ್ಲಾ ಕೂಡಿ ಕುಂತು ಉಣ್ಣತಿದ್ವಿ. ಹೊತ್ತು ಹೋಗವಲ್ದು ಅನ್ನೋದೊಂದೇ ತ್ರಾಸ." ಹೊತ್ತು ಹೋಗದೇ ಇದ್ದದ್ದು ಯಾರಿಗೆ? ಇದನ್ನು ಕೇಳುವುದಕ್ಕೇ ಬರೆಯುತ್ತಿದ್ದೇನೆ. ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ, ಮೊದಲೇ ಹೇಳಿಬಿಡುವುದು ವಾಸಿ.

ನಾವಿರುವುದು ಹೈದರಾಬಾದಿನ ಸುಲ್ತಾನ್ ಬಜಾರ್‌ನಲ್ಲಿ. ಸೀರೆ ಅಂಗಡಿಗಳ ಹಿಂದಿನ ಗಲ್ಲಿ, ಎರಡನೇ ಮಹಡಿ, ಎರಡು ಕೋಣೆಯ ಪೋರ್ಷನ್. ನನ್ನ ತವರು ಕಲಬುರಗಿ. ನನ್ನನ್ನು ಇಲ್ಲಿಗೆ ಕೊಟ್ಟಾಗ ಪರವೂರಿಗೆ ಕೊಟ್ಟರು ಅಂತ ಯಾರೂ ಅಳಲಿಲ್ಲ. ನಮ್ಮ ಕಡೆಯವರಿಗೆ ಹೈದರಾಬಾದ್ ಪರವೂರು ಹೇಗಾದೀತು? 1956ರ ನವೆಂಬರ್ 1ರವರೆಗೆ ಕಲಬುರಗಿ, ರಾಯಚೂರು, ಬೀದರ್ ಇದ್ದದ್ದೇ ಹೈದರಾಬಾದ್ ರಾಜ್ಯದಲ್ಲಿ. ಕೋರ್ಟು, ಕಾಲೇಜು, ದೊಡ್ಡ ದವಾಖಾನೆ ಎಲ್ಲಕ್ಕೂ ಇದೇ ಊರು. ಕನ್ನಡ ಬೇಕಾದರೆ ಕಾಚಿಗುಡದಲ್ಲಿ ಕನ್ನಡ ಶಾಲೆಯಿದೆ, ಸಾಹಿತ್ಯ ಮಂದಿರವಿದೆ. ಬರ್ಕತ್‌ಪುರದಲ್ಲಿ ರಾಯರ ಮಠವಿದೆ. ನಮ್ಮ ಸುಲ್ತಾನ್ ಬಜಾರ್ ಕೂಡ ಸಣ್ಣ ಜಾಗವಲ್ಲ. 1933ರಲ್ಲಿ ನಿಜಾಮರ ಕೈಗೆ ವಾಪಸು ಬರುವವರೆಗೆ ಇದು ರೆಸಿಡೆನ್ಸಿ ಬಜಾರ್, ಬ್ರಿಟಿಷ್ ರೆಸಿಡೆಂಟನ ಹುಕುಂ ನಡೆಯುತ್ತಿದ್ದ ಪೇಟೆ. 1901ರಲ್ಲಿ ಶುರುವಾದ ಶ್ರೀಕೃಷ್ಣದೇವರಾಯಾಂಧ್ರ ಭಾಷಾ ನಿಲಯದ ಹಳೇ ಗ್ರಂಥಾಲಯ ಇಲ್ಲೇ ಇದೆ. ಗಂಡಸರಿಗೆ ಪೇಪರ್ ಓದಲು ಅದು. ಹೆಂಗಸರಿಗೆ? ಹೆಂಗಸರಿಗೆ ಬಜಾರವೇ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ತವರಿನಲ್ಲಾದರೆ ಕಟ್ಟೆಯಿದೆ, ಹಿತ್ತಲಿದೆ, ಪಕ್ಕದ ಮನೆಯ ಕಾಕು ಇದ್ದಾಳೆ. ಬೇರೆ ಊರಿನಲ್ಲಿ ಸಂಸಾರ ಹೂಡಿದ ಹೆಣ್ಣಿಗೆ ಹೊರಗಿನ ಗಾಳಿ ಎಂದರೆ ತರಕಾರಿ ತರುವ ನೆಪ, ಬ್ಲೌಸ್ ಪೀಸ್ ಮ್ಯಾಚಿಂಗ್ ಹುಡುಕುವ ನೆಪ. ಬಡೀ ಚೌಡಿಯ ತರಕಾರಿಯವಳ ಹತ್ತಿರ ತೆಲುಗು ಕಲಿತೆ, ಬಳೆ ಅಂಗಡಿಯವನ ಹತ್ತಿರ ಹೈದರಾಬಾದಿ ಉರ್ದು ಕಲಿತೆ. ಹತ್ತು ರೂಪಾಯಿಗೆ ಹತ್ತು ನಿಮಿಷ ಚೌಕಾಶಿ ಮಾಡುವುದು ದುಡ್ಡಿಗಾಗಿ ಅಲ್ಲ ಸ್ವಾಮಿ, ಮಾತಿಗಾಗಿ. ಈ ಬೀದಿ ನನ್ನ ಅರ್ಧ ಮನೆ.

ಮತ್ತು ನನ್ನ ಕೆಲಸವೂ ಈ ಬೀದಿಯದೇ. ಸೀರೆಗೆ ಫಾಲ್ ಹಚ್ಚುತ್ತೇನೆ, ಪಿಕೊ ಮಾಡುತ್ತೇನೆ, ಸೆರಗಿಗೆ ಕುಚ್ಚು ಕಟ್ಟುತ್ತೇನೆ. ಎರಡು ಮೂರು ಅಂಗಡಿಯವರು ಸೀರೆ ಗಂಟು ಕಳಿಸುತ್ತಾರೆ. ನಮ್ಮ ಮನೆಯವರು ಒಂದು ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾರೆ. ಅವರೂ ಮಕ್ಕಳೂ ಬೆಳಗ್ಗೆ ಹೊರಬಿದ್ದರೆ ಹತ್ತರಿಂದ ನಾಲ್ಕರವರೆಗೆ ಮನೆ ನನ್ನದು. ಕಿಟಕಿ ಪಕ್ಕ ಮಷೀನು, ಒಳಗೆ ಅತ್ತೆಯವರ ನಿದ್ದೆ. ಈ ಆರು ತಾಸನ್ನು ನೆನಪಿಟ್ಟುಕೊಳ್ಳಿ. ನನ್ನ ಜಗಳವೆಲ್ಲ ಇದರ ಮೇಲೇ ಇದೆ.

2020ರ ಮಾರ್ಚ್ 22, ಭಾನುವಾರ, ಜನತಾ ಕರ್ಫ್ಯೂ. ಸಂಜೆ ಐದಕ್ಕೆ ಎಲ್ಲರೂ ಬಾಲ್ಕನಿಗೆ ಬಂದು ತಾಟು ಬಾರಿಸಿದರು. ನಮ್ಮನೆಯಲ್ಲೂ ಮೂರು ತಾಟು ಬಾರಿಸಿದರು. ಬಾರಿಸಿದ್ದಾಯಿತು, ಒಳಗೆ ಬಂದು ಅವನ್ನು ಬಚ್ಚಲಿಗೆ ಹಾಕಿದರು. ತೊಳೆದವಳು ನಾನು. ಒಂದರ ಅಂಚು ತಗ್ಗು ಬಿದ್ದದ್ದು ಇವತ್ತಿಗೂ ಹಾಗೇ ಇದೆ. ಮೂರನೇ ದಿನ, ಮಾರ್ಚ್ 25, ಯುಗಾದಿ. ದೇಶಕ್ಕೆಲ್ಲ ಬೀಗ ಬಿದ್ದ ಮೊದಲ ದಿನವೂ ಅದೇ. ಯುಗಾದಿಯಿಂದ ಮೇ ತಿಂಗಳ ಮದುವೆಗಳವರೆಗೆ ನನ್ನ ಸುಗ್ಗಿ. ಆ ವರ್ಷ ಬಂದದ್ದು ಬೇವು ಮಾತ್ರ.

ಪೇಟೆ ಸುಮ್ಮನಾಯಿತು. ಆರೇ ವಾರದ ಹಿಂದೆ, ಫೆಬ್ರವರಿ 7ಕ್ಕೆ, ವ್ಯಾಪಾರಿಗಳು ವರ್ಷಗಟ್ಟಲೆ ಬೇಡವೆಂದು ಹೋರಾಡಿದ ಮೆಟ್ರೋ ನಮ್ಮ ತಲೆಯ ಮೇಲೆ ಓಡಲು ಶುರುವಾಗಿತ್ತು. ಅದೂ ನಿಂತಿತು. ಸಂಜೆ ಏಳರಿಂದ ಬೆಳಗ್ಗೆ ಆರರವರೆಗೆ ಕರ್ಫ್ಯೂ. ಸಾಮಾನು ತರಲು ಮನೆಯಿಂದ ಮೂರು ಕಿಲೋಮೀಟರ್ ದಾಟುವಂತಿಲ್ಲ. ತವರು ಸುಮಾರು 220 ಕಿಲೋಮೀಟರ್. ದೇಶದಲ್ಲಿ ಕರೋನಾಕ್ಕೆ ಮೊದಲ ಸಾವಾದದ್ದು ನಮ್ಮ ಕಲಬುರಗಿಯವರೇ, ಮಾರ್ಚ್ 10ಕ್ಕೆ. 76 ವರ್ಷದ ಆ ಹಿರಿಯರನ್ನು ಚಿಕಿತ್ಸೆಗೆ ಕರೆತಂದದ್ದು ಇದೇ ಹೈದರಾಬಾದಿಗೆ, ವಾಪಸು ಹೋಗುವಾಗ ದಾರಿಯಲ್ಲೇ ಹೋದರು. ಎರಡು ಊರಿನ ನಡುವಿನ ದಾರಿ ನಮಗೆ ಎಷ್ಟು ಮಾಮೂಲು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಆ ದಾರಿಗೇ ಅಡ್ಡಗಂಬ ಬಿತ್ತು. ಅಲ್ಲಿ ಅವ್ವ ಒಬ್ಬಳೇ. 1956ರ ಗಡಿ ನನಗೆ ಗಡಿ ಅಂತ ಕಂಡದ್ದು 2020ರಲ್ಲಿ.

ಇಂಥಾ ಹೊತ್ತಿನಲ್ಲಿ ಶುರುವಾಯಿತು ನೋಡಿ ಉಪದೇಶ. ಪೇಪರ್ ತೆಗೆದರೆ ಅದೇ, ಟಿವಿ ಹಚ್ಚಿದರೆ ಅದೇ: ಮನೆಯಲ್ಲಿ ಹೊತ್ತು ಕಳೆಯುವುದು ಹೇಗೆ? ಹೊಸ ಅಡಿಗೆ ಕಲಿಯಿರಿ. ಕಪಾಟು ಜೋಡಿಸಿರಿ. ಮಕ್ಕಳ ಜೊತೆ ಆಡಿರಿ. ಯೋಗ ಮಾಡಿರಿ. ಬರೆದವರಿಗೆ ಮನೆ ಎಂದರೆ ಕೆಲಸ ಮುಗಿಸಿ ಬಂದು ಕಾಲು ಚಾಚುವ ಜಾಗ. ಆ ಮನೆಯೇ ಯಾರಿಗೆ ಕೆಲಸವೋ ಅವರನ್ನು ಒಬ್ಬರೂ ಕೇಳಲಿಲ್ಲ. ಒಂದೊಂದು ಸಲಹೆಯ ಹಿಂದೆಯೂ ಎಷ್ಟು ಪಾತ್ರೆ ಬೀಳುತ್ತವೆ ಎಂದು ಲೆಕ್ಕ ಹಾಕಿ ನೋಡಿ. ಡಾಲ್ಗೊನಾ ಕಾಫಿ ನೆನಪಿದೆಯೇ? ಕಾಫಿಪುಡಿ, ಸಕ್ಕರೆ, ಬಿಸಿನೀರು ಹಾಕಿ ಅರ್ಧ ತಾಸು ಕಡೆದು, ನೊರೆ ಎಬ್ಬಿಸಿ, ಹಾಲಿನ ಮೇಲೆ ಹಾಕುವುದು. ಕಡೆದದ್ದು ಮಗ. ಫೋಟೋ ತೆಗೆದದ್ದು ಅವರಪ್ಪ. ಬಟ್ಟಲಿಗೆ ಅಂಟಿದ ನೊರೆ ತಿಕ್ಕಿದ್ದು ಯಾರು ಅಂತ ಫೋಟೋದಲ್ಲಿ ಇರಲಿಲ್ಲ.

ದಿನ ಹೇಗಿತ್ತು ಹೇಳುತ್ತೇನೆ. ನಲ್ಲಿ ನೀರು ದಿನ ಬಿಟ್ಟು ದಿನ, ನಸುಕಿನಲ್ಲೇ ಎದ್ದು ಡ್ರಮ್ಮು ತುಂಬಬೇಕು. ಮಾರ್ಚ್ 28ರಿಂದ ದೂರದರ್ಶನದಲ್ಲಿ ರಾಮಾಯಣ, ಬೆಳಗ್ಗೆ ಒಂಬತ್ತಕ್ಕೆ. ಅಷ್ಟರೊಳಗೆ ನಾಷ್ಟಾ ಎಲ್ಲರ ತಾಟಿನಲ್ಲಿರಬೇಕು. ಆ ರಾಮಾಯಣವನ್ನು ನಾನು ಕೇಳಿದ್ದೇನೆ, ನೋಡಿಲ್ಲ. ಹನ್ನೊಂದಕ್ಕೆ ಚಹಾ. ಹೊರಗಿಂದ ತಂದ ತರಕಾರಿ ಉಪ್ಪುನೀರಿನಲ್ಲಿ ತೊಳೆ, ತಂದವರ ಬಟ್ಟೆ ಬಿಸಿನೀರಿನಲ್ಲಿ ನೆನೆ ಹಾಕು. ಎರಡಕ್ಕೆ ಊಟ. ಐದಕ್ಕೆ "ಏನರ ಕರೀ, ಬಾಯಿ ಕೆಟ್ಟದ." ಒಂಬತ್ತಕ್ಕೆ ರೊಟ್ಟಿ. ನಡುವೆ ಹದಿನೈದು ನಿಮಿಷಕ್ಕೊಮ್ಮೆ ಯಾರಾದರೊಬ್ಬರು "ಹೊತ್ತೇ ಹೋಗವಲ್ದು ನೋಡು" ಎನ್ನುತ್ತಾ ಅಡಿಗೆಮನೆ ಬಾಗಿಲಿಗೆ ಬರುವುದು. ನನ್ನ ಆರು ತಾಸು ಹೋಯಿತು. ಕಿಟಕಿ ಪಕ್ಕದ ಮಷೀನಿನ ಮೇಲೆ ಚಾದರ ಹೊದಿಸಿ, ಅದರ ಮೇಲೆ ಫೋನು ನಿಲ್ಲಿಸಿ, ಮಕ್ಕಳ ಕ್ಲಾಸು. ಮಷೀನಿಗೂ ಲಾಕ್‌ಡೌನ್.

ಅತ್ತೆಯವರಿಗೆ ಆಗ ಎಂಬತ್ತು. 1948ರಲ್ಲಿ ಪೊಲೀಸ್ ಆ್ಯಕ್ಷನ್ ಆದಾಗ ಎಂಟು ವರ್ಷದ ಹುಡುಗಿ. "ಆವಾಗೂ ಹಿಂಗ ಬಾಗಲಾ ಹಾಕ್ಕೊಂಡು ಕುಂತಿದ್ವಿ" ಅಂದರು ಒಂದು ದಿನ. "ಗಂಡಸರು ನಡುಮನ್ಯಾಗ ಕುಂತು ನಿಜಾಮ ಏನ್ ಮಾಡ್ತಾನ, ಪಟೇಲರು ಏನ್ ಮಾಡ್ತಾರ ಅಂತ ಮಾತಾಡತಿದ್ರು. ನಮ್ಮವ್ವ ಬೀಸೂಕಲ್ಲಿನ ಮುಂದ. ಅಕಿಗೆ ರಾಜ್ಯ ಬದಲಾಗಿದ್ದು ಗೊತ್ತಾಗಿದ್ದು ಯಾವಾಗ ಅಂತೀ?" ನಾನು ಕೇಳಲಿಲ್ಲ, ಹಾಲು ಉಕ್ಕುತ್ತಿತ್ತು.

"ನಿಮಗೆ ಮನೆಯಾದರೂ ಇತ್ತಲ್ಲ" ಎನ್ನುವವರಿದ್ದಾರೆ. ಇತ್ತು, ಒಪ್ಪುತ್ತೇನೆ. ಇದೇ ಊರಿನ ಲಿಂಗಂಪಲ್ಲಿಯಿಂದ ಕೂಲಿಕಾರರಿಗಾಗಿ ದೇಶದ ಮೊದಲ ರೈಲು ಜಾರ್ಖಂಡಿನ ಹಟಿಯಾಕ್ಕೆ ಹೊರಟದ್ದು ಮೇ 1ಕ್ಕೆ. ಅಲ್ಲಿಯವರೆಗೆ ಜನ ನಡೆದರು. ಆದರೆ ಅವರ ಕಾಲಿನ ಬೊಬ್ಬೆ ತೋರಿಸಿ ನನ್ನ ಬಾಯಿ ಮುಚ್ಚಿಸುವವರು ಆ ಬೊಬ್ಬೆಗೂ ಮುಲಾಮು ಹಚ್ಚಿದವರಲ್ಲ.

ಆದರೂ ಬೇರೆಯವರ ಕಡೆ ಬೆರಳು ತೋರಿಸುವ ಮುಂಚೆ ನನ್ನದನ್ನೂ ಹೇಳಬೇಕು. ನಮ್ಮ ಮನೆಗೆ ಪಾತ್ರೆ ತಿಕ್ಕಲು ಒಬ್ಬ ಅಕ್ಕ ಬರುತ್ತಿದ್ದಳು, ಮೂಸಿ ನದಿಯ ಆಚೆಯಿಂದ. ಬಸ್ಸಿಲ್ಲ, ಬರಲಾಗಲಿಲ್ಲ. ಏಪ್ರಿಲ್ ತಿಂಗಳದು ಪೂರ್ತಿ ಕೊಟ್ಟೆ. ಮೇ ತಿಂಗಳದು ಅರ್ಧ. ನಮ್ಮ ಮನೆಯವರಿಗೆ ಅರ್ಧ ಸಂಬಳ ಬಂದಿತ್ತು, ನನಗೆ ಏನೂ ಬಂದಿರಲಿಲ್ಲ, ಕಾರಣ ಬೇಕಾದಷ್ಟಿದ್ದವು. ಬಿಳಿ ಕಾರ್ಡ್ ಇದ್ದವರಿಗೆ ಸರ್ಕಾರ ತಲೆಗೆ 12 ಕಿಲೋ ಅಕ್ಕಿ, ಮನೆಗೆ 1,500 ರೂಪಾಯಿ ಕೊಟ್ಟಿತ್ತು. ಅವಳಿಗೂ ಸಿಕ್ಕಿರುತ್ತದೆ ಬಿಡು ಅಂತ ಮನಸ್ಸಿಗೆ ಹೇಳಿಕೊಂಡೆ. ಸಿಕ್ಕಿತ್ತೋ ಇಲ್ಲವೋ ಕೇಳಲಿಲ್ಲ. ಜೂನ್‌ನಲ್ಲಿ ಬಂದವಳು ಏನೂ ಅನ್ನದೆ ಸೆರಗು ಸಿಕ್ಕಿಸಿ ಕೂತಳು. ನನಗೆ ಇಲ್ಲದ ಹೊತ್ತು ಅವಳಿಗೆ ಇರುತ್ತದೆ ಅಂತ ನಾನೂ ಅಂದುಕೊಂಡಿದ್ದೆನೇ ಅಲ್ಲವೇ?

ಇನ್ನು ಮಾಸ್ಕಿನ ಪ್ರಸಂಗ. ನಮ್ಮ ಕನ್ನಡದವರದೇ ಒಂದು ಗುಂಪು, ಹೆಸರು ಬೇಡ. ಅದರ ಹಿರಿಯರೊಬ್ಬರು ಏಪ್ರಿಲ್ ನಡುವಿಗೆ ಫೋನ್ ಮಾಡಿದರು. "ತಂಗೀ, ಹೆಂಗೂ ಮನ್ಯಾಗ ಖಾಲಿ ಕುಂತೀದಿ, ಮಷೀನ್ ಅದ. ಒಂದಿಷ್ಟು ಮಾಸ್ಕ್ ಹೊಲಿದು ಕೊಡವಾ. ಸಮಾಜಸೇವಾ ಆಗ್ತದ, ನಿನಗೂ ಹೊತ್ತು ಹೋಗ್ತದ." ಖಾಲಿ! ಹಿರಿಯರ ಮಾತು, ಇಲ್ಲ ಅನ್ನಲಾಗಲಿಲ್ಲ. ಎಲ್ಲರೂ ಮಲಗಿದ ಮೇಲೆ, ರಾತ್ರಿ ಹನ್ನೊಂದರಿಂದ ಒಂದೂವರೆವರೆಗೆ, ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು ಹೊಲಿದೆ. ಬಟ್ಟೆ ಅವರು ಕೊಟ್ಟರು. ದಾರ, ಎಲಾಸ್ಟಿಕ್ಕು, ಕರೆಂಟು ನನ್ನದು. 300 ಮಾಸ್ಕ್. ಹಂಚುವಾಗ ತೆಗೆದ ಫೋಟೋ ವಾಟ್ಸಾಪಿನಲ್ಲಿ ಬಂತು, ಐದು ಜನ ಗಂಡಸರು ಸಾಲಾಗಿ ನಿಂತಿದ್ದಾರೆ. ಐದು ಜನರ ಮುಖದ ಮೇಲೂ ನನ್ನ ಹೊಲಿಗೆ. ದಾನಕ್ಕೆ ನನ್ನ ತಕರಾರಿಲ್ಲ. ಅಂಗಡಿಯವನು ಬಟ್ಟೆ ಕೊಟ್ಟರೆ ದಾನ, ಡಾಕ್ಟರು ಪುಕ್ಕಟೆ ನೋಡಿದರೆ ಸೇವೆ, ಹೆಂಗಸು ಹೊಲಿದರೆ ಮಾತ್ರ ಟೈಮ್‌ಪಾಸ್! ಕೂಲಿ ಹೋಗಲಿ, ಕೆಲಸ ಅನ್ನುವ ಹೆಸರೂ ಇಲ್ಲ.

ಇದು ನನ್ನೊಬ್ಬಳ ಮನೆಯ ಗೊಣಗಾಟ ಎನ್ನುವವರಿಗಾಗಿ ಸರ್ಕಾರದ್ದೇ ಲೆಕ್ಕ ಕೊಡುತ್ತೇನೆ. ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆಂದು ಕೇಂದ್ರದ ಅಂಕಿಅಂಶ ಇಲಾಖೆ ಲಾಕ್‌ಡೌನಿಗೆ ಒಂದು ವರ್ಷ ಮುಂಚೆ, 2019ರಲ್ಲಿ, ಸಮೀಕ್ಷೆ ಮಾಡಿತ್ತು. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ನೂರಕ್ಕೆ 81, ಗಂಡಸರು 26. ಮಾಡುವವರಲ್ಲಿ ಹೆಂಗಸಿಗೆ ದಿನಕ್ಕೆ 299 ನಿಮಿಷ, ಗಂಡಸಿಗೆ 97. ಸರಿ, ಆಮೇಲೆ ಲಾಕ್‌ಡೌನ್ ಬಂತು. ಗಂಡಸರು ಮನೆ ನೋಡಿದರು, ಹೆಂಡತಿಯ ಕಷ್ಟ ಅರ್ಥವಾಯಿತು, ಸೌಟು ಹಿಡಿದರು ಎಂದೆಲ್ಲ ಪೇಪರಿನಲ್ಲಿ ಓದಿದೆವಲ್ಲ? 2024ರಲ್ಲಿ ಮತ್ತೆ ಸಮೀಕ್ಷೆಯಾಯಿತು. ಹೆಂಗಸಿಗೆ 289. ಗಂಡಸಿಗೆ 88. ಕಲಿತದ್ದು ಇಷ್ಟು: ಒಂಬತ್ತು ನಿಮಿಷ ಕಮ್ಮಿ. ಹೆಂಗಸರದೂ ಹತ್ತು ನಿಮಿಷ ಇಳಿದಿದೆ, ನಿಜ. ಅದು ಗ್ಯಾಸಿನ ಪುಣ್ಯವೋ ಮಿಕ್ಸರಿನ ಪುಣ್ಯವೋ, ಗಂಡಸರ ಪುಣ್ಯವಂತೂ ಅಲ್ಲ.

ನಮ್ಮ ಮನೆಯವರು ಕೆಟ್ಟವರಲ್ಲ, ಇದನ್ನೂ ಬರೆಯದಿದ್ದರೆ ಅನ್ಯಾಯ. ಅಂಗಡಿ ತೆರೆಯುತ್ತದೋ ಇಲ್ಲವೋ, ತೆರೆದರೂ ತನ್ನನ್ನು ಇಟ್ಟುಕೊಳ್ಳುತ್ತಾರೋ ಇಲ್ಲವೋ ಎಂಬ ಚಿಂತೆಯಲ್ಲಿ ರಾತ್ರಿ ಮೆಟ್ಟಿಲ ಮೇಲೆ ಒಬ್ಬರೇ ಕೂತಿರುತ್ತಿದ್ದರು. ಅವರಿಗೆ ಹೊತ್ತು ಹೋಗಲಿಲ್ಲ ಎನ್ನುವುದು ಸುಳ್ಳಲ್ಲ. ಕೆಲಸವಿಲ್ಲದ ಗಂಡಸಿಗೆ ಮನೆಯಲ್ಲಿ ಕೂರುವ ಜಾಗವೇ ಇರುವುದಿಲ್ಲ, ಅದನ್ನೂ ನೋಡಿದೆ. ಮೇ ತಿಂಗಳಲ್ಲಿ ನನಗೆ ಜ್ವರ ಬಂತು, ಬರೀ ಜ್ವರವೇ, ಆದರೂ ಎದೆ ನಡುಗಿತು. ಹನ್ನೊಂದು ದಿನ ಅವರೇ ಅಡಿಗೆ ಮಾಡಿದರು. ಉಪ್ಪಿಟ್ಟು ಚೆನ್ನಾಗಿಯೇ ಆಗುತ್ತಿತ್ತು. ಮೇ 19ರಿಂದ ಅಂಗಡಿಗಳನ್ನು ಒಂದು ಬಿಟ್ಟು ಒಂದು ತೆರೆಯಬಹುದು ಎಂದು ಅಪ್ಪಣೆಯಾಯಿತು. ಅವತ್ತು ಸೌಟು ಕೆಳಗಿಟ್ಟರು. ಇವತ್ತಿಗೂ ಎತ್ತಿಲ್ಲ. ಮಾಡಲು ಬರುತ್ತದೆ ಅಂತ ಗೊತ್ತಾದ ಮೇಲೆ ಮಾಡದಿರುವುದು, ಬರದೇ ಮಾಡದಿರುವುದಕ್ಕಿಂತ ಹೆಚ್ಚು ಚುಚ್ಚುತ್ತದೆ. ಮರು ವರ್ಷ, 2021ರ ಮೇ 12ರಿಂದ ಜೂನ್ 19ರವರೆಗೆ ಮತ್ತೆ ಲಾಕ್‌ಡೌನ್ ಆಯಿತಲ್ಲ, ಆಗ ಉಪ್ಪಿಟ್ಟನ್ನೂ ಮರೆತಿದ್ದರು. ಆ ಸಲ ನಾನೂ ಜಾಣಳಾಗಿದ್ದೆ. ಹತ್ತು ಗಂಟೆಯ ಚಹಾ ಆದ ಮೇಲೆ ಮಷೀನಿನ ಚಾದರ ತೆಗೆದು ಕೂತುಬಿಡುತ್ತಿದ್ದೆ, ಸೀರೆ ಇಲ್ಲದಿದ್ದರೂ. ಖಾಲಿ ಮಷೀನು ತುಳಿದರೂ ಸದ್ದು ಬರುತ್ತದೆ. ಆ ಸದ್ದಿಗೆ ಯಾರೂ ಬಂದು ಚಹಾ ಕೇಳುತ್ತಿರಲಿಲ್ಲ.

ಈಚೆಗೆ ಅದೇ ಗುಂಪಿನ ಹಿರಿಯರ ಫೋನು ಬಂತು. ಒಂದು ಸ್ಮರಣ ಸಂಚಿಕೆ ತರುತ್ತಾರಂತೆ. "ಲಾಕ್‌ಡೌನಿನ ಸವಿನೆನಪು ಅಂತ ಹೆಣ್ಣುಮಕ್ಕಳ ಕಡಿಂದ ಒಂದೊಂದು ಪುಟ ಬರಸಾಕತ್ತೀವಿ ತಂಗೀ. ನೀನೂ ಏನರ ಬರೀ. ಅಡಿಗಿದ್ದು ಬರದ್ರೂ ನಡೀತದ." ಬರೆದೆ. ಒಂದು ಪುಟವೂ ಬೇಕಾಗಲಿಲ್ಲ. ಮಾಸ್ಕ್ 300, ಹೊಲಿಗೆ ಕೂಲಿ ಒಂದಕ್ಕೆ 4 ರೂಪಾಯಿಯಂತೆ 1,200. ದಾರ, ಎಲಾಸ್ಟಿಕ್ 260. ಒಟ್ಟು 1,460 ರೂಪಾಯಿ. ಕೆಳಗೆ ಸಹಿ ಹಾಕಿ ಕಳಿಸಿದ್ದೇನೆ. ಬಂದರೆ ಪಾತ್ರೆ ತಿಕ್ಕುವ ಅಕ್ಕನ ಮೇ ತಿಂಗಳ ಬಾಕಿ ಕೊಡುವುದಿದೆ.