ಭಯಭಕ್ತಿಯೆಂಬ ಸಮಾಸ

‘ಹುಡುಗನಿಗೆ ಭಯಭಕ್ತಿ ಇರಬೇಕು’ ಎಂಬುದು ಯಲಬುರ್ಗಾ ಸೀಮೆಯ ಮನೆಮನೆಯಲ್ಲಿಯೂ ಕೇಳಿಬರುವ ಮಾತು. ವ್ಯಾಕರಣರೀತ್ಯಾ ಇದು ದ್ವಂದ್ವಸಮಾಸ. ಎರಡು ಪದಗಳ ಅರ್ಥಕ್ಕೂ ಸಮಾನ ಪ್ರಾಧಾನ್ಯ. ಆದರೆ ಮಕ್ಕಳನ್ನು ಬೆಳೆಸುವಲ್ಲಿ ಪೂರ್ವಪದವೇ ಮನೆಯನ್ನೆಲ್ಲ ಆಕ್ರಮಿಸಿ ಉತ್ತರಪದಕ್ಕೆ ಎಡೆಯಿಲ್ಲದಂತೆ ಮಾಡುತ್ತಿರುವುದು ವಿಷಾದನೀಯ. ಹೊಡೆತ, ಬೈಗುಳ, ನಾಲ್ವರೆದುರು ಹಂಗಿಸುವಿಕೆ ಇವುಗಳ ನಡುವೆ ಬೆಳೆದ ಮಗುವಿಗೆ ಹಿರಿಯರಲ್ಲಿ ಭಕ್ತಿ ಹುಟ್ಟಿತೆಂದು ತಿಳಿಯುವುದು ಭ್ರಮೆ. ಹುಟ್ಟಿದುದು ಅಂಜಿಕೆ ಮಾತ್ರ. ಅದು ಮಗುವಿನೊಡನೆಯೇ ಬೆಳೆದು ಪ್ರಾಯಕ್ಕೆ ಬರುತ್ತದೆ.

ಧಾರವಾಡಕ್ಕೋ ಬೆಂಗಳೂರಿಗೋ ಓದಲು ಹೋದ ತರುಣನು ವಿಷಯವನ್ನು ಚೆನ್ನಾಗಿ ಬಲ್ಲನು. ಆದರೂ ಸಂದರ್ಶನದಲ್ಲಿ ಪ್ರಶ್ನಿಸುವವರ ಧ್ವನಿ ತುಸು ಏರಿದೊಡನೆ ನಾಲಗೆ ಒಣಗುತ್ತದೆ, ಅಂಗೈ ಬೆವರುತ್ತದೆ. ತಂದೆಯ ಫೋನು ಬಂದರೂ ಎದೆ ಹೊಡೆದುಕೊಳ್ಳುತ್ತದೆ. ಕಾರಣ ಗೂಢವೇನಲ್ಲ. ಬಾಗಿಲಲ್ಲಿ ಕೇಳಿದ ಚಪ್ಪಲಿಯ ಸಪ್ಪಳದಿಂದಲೇ ತಂದೆಯ ಸಿಟ್ಟನ್ನು ಊಹಿಸಿ ಮೂಲೆ ಸೇರುತ್ತಿದ್ದ ಮಗುವಿನ ದೇಹವು ಸದಾ ಎಚ್ಚರವಾಗಿರುವುದನ್ನು ಕಲಿತಿರುತ್ತದೆ. ಅಪಾಯ ದೂರವಾದ ಮೇಲೆಯೂ ಆ ಪಾಠವನ್ನು ಅದು ಸುಲಭವಾಗಿ ಮರೆಯದು. ಪೆಟ್ಟು ತಿಂದವರೆಲ್ಲರೂ ಹೀಗಾಗುವರೆಂದು ಹೇಳಲಾಗದು. ಹುಟ್ಟುಗುಣ, ಬಡತನ, ಸಾಲ ಇವೂ ಕಾರಣಗಳೇ. ಬೈದ ತಂದೆಯ ಹಿಂದೆ ಅಜ್ಜಿಯ ಮಡಿಲೊಂದಿದ್ದರೆ ಎಷ್ಟೋ ಗಾಯ ಮಾಯುತ್ತದೆ.

ಕೇಂದ್ರ ಸರಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು 13 ರಾಜ್ಯಗಳ 12,447 ಮಕ್ಕಳನ್ನು ವಿಚಾರಿಸಿ 2007ರಲ್ಲಿ ಪ್ರಕಟಿಸಿದ ವರದಿಯಂತೆ, ಮೂವರಲ್ಲಿ ಇಬ್ಬರು ಮಕ್ಕಳು ದೈಹಿಕ ಹಿಂಸೆಗೆ ಒಳಗಾಗಿದ್ದರು. ಮನೆಯಲ್ಲಿ ಹಿಂಸೆಗೊಳಗಾದವರ ಪೈಕಿ ನೂರಕ್ಕೆ 88ಕ್ಕೂ ಹೆಚ್ಚು ಮಕ್ಕಳ ಮೇಲೆ ಕೈಯೆತ್ತಿದವರು ಹೆತ್ತವರೇ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಮನೆಯ ಹೊಸ್ತಿಲೊಳಗೆ ಅದು ಕಾಲಿಡದು.

ಹಾಗೆಂದು ಈ ಸೀಮೆಯ ತಂದೆಯನ್ನು ಕ್ರೂರಿಯೆನ್ನುವುದು ಅನ್ಯಾಯ. ಮಳೆಯನ್ನೇ ನಂಬಿದ ಹೊಲ. ಅದು ಕೈಕೊಟ್ಟ ವರ್ಷ ಗೋವೆಗೋ ಮಂಗಳೂರಿಗೋ ಕೂಲಿಗೆ ಹೋದವನಿಗೆ ಮಗನಾದರೂ ಓದಿ ಪಾರಾಗಲೆಂಬ ತವಕ. ಆ ತವಕವೇ ಬಡಿಗೆಯಾಗುತ್ತದೆ. ಅವನ ಕಾಳಜಿ ಗೌರವಾರ್ಹ. ಉಪಾಯ ಸರ್ವಥಾ ಒಪ್ಪತಕ್ಕುದಲ್ಲ.

ಶರಣಪರಂಪರೆಯಲ್ಲಿ ಕಟ್ಟುನಿಟ್ಟು ಇರಲಿಲ್ಲವೆಂದು ಯಾರೂ ಹೇಳಲಾರರು. ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭುವು ಅಕ್ಕಮಹಾದೇವಿಯನ್ನು ಪ್ರಶ್ನಿಸುವ ಪರಿ ಬಲು ನಿಷ್ಠುರವಾದುದು. ಆದರೆ ಅಲ್ಲಿ ಅಕ್ಕನಿಗೆ ಉತ್ತರಿಸುವ ಅವಕಾಶವಿತ್ತು; ಉತ್ತರವನ್ನು ಆಲಿಸುವ ಶರಣರಿದ್ದರು. ಇಂದಿನ ಮನೆಗಳಲ್ಲಿ ಮಗುವಿನ ಉತ್ತರಕ್ಕೆ ‘ಎದುರುತ್ತರ’ವೆಂದು ಹೆಸರಿಟ್ಟು ಅದನ್ನು ಅಪರಾಧಗಳ ಸಾಲಿಗೆ ಸೇರಿಸಲಾಗಿದೆ. ನಿಯಮದ ಬಿಗಿಯನ್ನು ಮಗು ತಾಳಿಕೊಂಡೀತು. ಬಾಯಿ ಕಟ್ಟಿಸಿಕೊಂಡು ಬೆಳೆಯುವುದನ್ನು ತಾಳಲಾರದು.

ಈ ವಿಷಯದಲ್ಲಿ ಶಾಲೆಗಳೂ ನಿರ್ದೋಷಿಗಳಲ್ಲ. ಪಾಲಕರ ಸಭೆಯಲ್ಲಿ ಅಂಕಗಳನ್ನು ಎಲ್ಲರೆದುರು ಓದಿಹೇಳಿದರೆ ಅಂದು ಸಂಜೆ ಕೆಲವು ಮನೆಗಳಲ್ಲಿ ಏನಾಗುವುದೆಂಬುದನ್ನು ಗುರುಗಳು ಬಲ್ಲರು. ಅದೇ ಸಭೆಯಲ್ಲಿ ಅರ್ಧ ಗಂಟೆ ವಿದ್ಯಾರ್ಥಿ ಮಾತನಾಡಲಿ, ತಾಯಿತಂದೆಗಳು ಕೇಳಲಿ. ಈಗಾಗಲೇ ಪ್ರಾಯಕ್ಕೆ ಬಂದು, ಕಾರಣವರಿಯದ ದಿಗಿಲಿನಿಂದ ನಿದ್ರೆಗೆಟ್ಟ ಹಳೆಯ ವಿದ್ಯಾರ್ಥಿಗಳಿಗೆ 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಎಂಬ ದೂರವಾಣಿ ಸಂಖ್ಯೆಯಿದೆ. ಕನ್ನಡದಲ್ಲಿಯೇ ಮಾತನಾಡಬಹುದು, ಹಣ ತೆರಬೇಕಾಗಿಲ್ಲ.