ಸುಕ್ಕಿಲ್ಲದ ಲ್ಯಾಮಿನೇಶನ್ ಮತ್ತು ಒಂದು ಅಂಕಪಟ್ಟಿ

ಮಳೆಗಾಲ ಆರಂಭವಾಯಿತೆಂದರೆ ನಮ್ಮ ಶಾಲೆಯ ಕಚೇರಿಯಲ್ಲಿದ್ದ ಲ್ಯಾಮಿನೇಶನ್ ಯಂತ್ರ ನನಗೆ ನೆನಪಾಗುತ್ತದೆ. 2004ರ ಜೂನ್ ತಿಂಗಳು. ಎಸ್.ಎಸ್.ಎಲ್.ಸಿ. ತೇರ್ಗಡೆಯಾದ ವಿದ್ಯಾರ್ಥಿಯೊಬ್ಬನ ಮೂಲ ಅಂಕಪಟ್ಟಿಯನ್ನು ಮಳೆಯಿಂದ ಕಾಪಾಡಬೇಕೆಂಬ ಸದುದ್ದೇಶದಿಂದ ನಾನೇ ಅದನ್ನು ಯಂತ್ರಕ್ಕೆ ಕೊಟ್ಟೆ. ಯಂತ್ರ ಸರಿಯಾಗಿ ಕಾದಿರಲಿಲ್ಲ; ಕಾಗದವೂ ತುಸು ತೇವವಾಗಿತ್ತು. ಹೊರಬಂದಾಗ ಮೊಹರಿನ ಮೇಲೆಯೇ ಬೆರಳಗಲದ ಸುಕ್ಕು! ಹುಡುಗ ಏನೂ ಅನ್ನಲಿಲ್ಲ. ಎರಡನೆಯ ಪ್ರತಿಗಾಗಿ ಅವನ ತಂದೆ ಕೂಲಿ ಬಿಟ್ಟು ಮೂರು ಬಾರಿ ಅಲೆಯಬೇಕಾಯಿತು. ಆ ಮೌನ ನನ್ನನ್ನು ಇಂದಿಗೂ ಬಾಧಿಸುತ್ತದೆ.

ಆಮೇಲೆ ನಾನು ಈ ಕೆಲಸವನ್ನು ಶ್ರದ್ಧೆಯಿಂದ ಕಲಿತೆ. ಲ್ಯಾಮಿನೇಶನ್ ಚೀಲದ ಹೊರಪದರ ಪಾಲಿಯೆಸ್ಟರ್. ಒಳಪದರ ಬಿಸಿಗೆ ಕರಗುವ ಅಂಟು. ಈ ಅಂಟು ಒಂದೇ ಸಮನೆ ಕರಗಿ, ಉರುಳೆಗಳ ಒತ್ತಡದಲ್ಲಿ ಗಾಳಿಯೆಲ್ಲ ಹಿಂದಕ್ಕೆ ಸರಿದು ಹೋದರೆ ಹಾಳೆ ನುಣುಪಾಗುತ್ತದೆ. ಆದ್ದರಿಂದ ಚೀಲದ ಮುಚ್ಚಿದ ಅಂಚನ್ನೇ ಮೊದಲು, ಓರೆಯಾಗದಂತೆ, ಒಳಬಿಡಬೇಕು. ತೆರೆದ ಬದಿಯನ್ನು ಮುಂದಿಟ್ಟರೆ ಗಾಳಿ ಒಳಗೇ ಸಿಕ್ಕಿಬೀಳುತ್ತದೆ. ಸಿದ್ಧತೆಯ ದೀಪ ಬೆಳಗಿದ ಮೇಲೂ ಎರಡು ನಿಮಿಷ ಕಾಯುವುದು ಒಳ್ಳೆಯದು.

ಚೀಲದ ದಪ್ಪಕ್ಕೆ ತಕ್ಕಂತೆ ಬಿಸಿಯನ್ನು ಹೊಂದಿಸಿಕೊಳ್ಳಬೇಕು. 80 ಮೈಕ್ರಾನಿಗೆ ಸಾಕಾಗುವ ಬಿಸಿ 125 ಮೈಕ್ರಾನಿಗೆ ಸಾಲದು. ಹಾಳೆ ಮಂಜು ಕವಿದಂತೆ ಮಸುಕಾದರೆ ಬಿಸಿ ಕಡಿಮೆಯಾಗಿದೆ, ಅಲೆಯಲೆಯಾದರೆ ಹೆಚ್ಚಾಗಿದೆ. ಮಸುಕಾದುದನ್ನು ಮತ್ತೊಮ್ಮೆ ಯಂತ್ರಕ್ಕೆ ಕೊಟ್ಟು ಸರಿಪಡಿಸಬಹುದು. ಬಿದ್ದ ಸುಕ್ಕಿಗೆ ಮದ್ದಿಲ್ಲ. ಕಾಗದ ಚೆನ್ನಾಗಿ ಒಣಗಿರಲಿ, ಸುತ್ತಲೂ ಮೂರು ಮಿಲಿಮೀಟರಿನಷ್ಟು ಅಂಚು ಉಳಿದಿರಲಿ. ಹೊರಬಂದೊಡನೆ ಕೈಯಲ್ಲಿ ಬಾಗಿಸದೆ, ಸಮತಟ್ಟಾದ ಮೇಜಿನ ಮೇಲೆ ದಪ್ಪ ಪುಸ್ತಕವೊಂದರಡಿ ಆರಲು ಬಿಡಿ. ಬಸ್ ಟಿಕೆಟ್, ಎ.ಟಿ.ಎಂ. ಚೀಟಿಗಳಂಥ ಶಾಖಮುದ್ರಣದ ಕಾಗದವನ್ನಂತೂ ಹಾಕಲೇಬೇಡಿ, ಅದು ಕಪ್ಪಾಗಿಬಿಡುತ್ತದೆ.

ಇಷ್ಟೆಲ್ಲ ಕಲಿತ ಮೇಲೆ ನಾನು ತಲುಪಿದ ನಿಲುವು ಬೇರೆಯೇ. ಮೂಲ ದಾಖಲೆಗಳನ್ನು, ಎಷ್ಟೇ ನುಣುಪಾಗಿ ಬರಲಿ, ಲ್ಯಾಮಿನೇಟ್ ಮಾಡಲೇಬಾರದು. ಒಮ್ಮೆ ಅಂಟಿದ ಪದರವನ್ನು ಕಾಗದಕ್ಕೆ ಹಾನಿಯಾಗದಂತೆ ಬಿಡಿಸುವುದು ಬಹುಮಟ್ಟಿಗೆ ಅಸಾಧ್ಯ. ಉಬ್ಬುಮೊಹರು ಚಪ್ಪಟೆಯಾಗುತ್ತದೆ, ಕಾಗದವನ್ನು ಮುಟ್ಟಿ ಪರಿಶೀಲಿಸುವ ಅವಕಾಶವೂ ತಪ್ಪುತ್ತದೆ. ಅಂಕಪಟ್ಟಿಯನ್ನು ಪಾರದರ್ಶಕ ಕಡತದಲ್ಲಿ ಇಡೋಣ, ಬೇಕೆಂದಾಗ ಹೊರತೆಗೆಯಬಹುದು. ಜೆರಾಕ್ಸ್ ಪ್ರತಿಯನ್ನು ಧಾರಾಳವಾಗಿ ಲ್ಯಾಮಿನೇಟ್ ಮಾಡಿಸೋಣ. 2015ರಿಂದ ಡಿಜಿಲಾಕರ್ ಸೌಲಭ್ಯವೂ ಇದೆ.

ಆದರೂ ಫಲಿತಾಂಶ ಬಂದ ವಾರ ಅಂಗಡಿಯ ಮುಂದೆ ಮೂಲಪ್ರತಿ ಹಿಡಿದು ನಿಂತ ತಂದೆತಾಯಿಯರನ್ನು ಕಂಡರೆ ನಾನು ಸುಮ್ಮನೆ ದಾಟಿಹೋಗಲಾರೆ. ನಿಂತು ಒಂದು ಮಾತು ಹೇಳುತ್ತೇನೆ. ಕೆಲವರು ಕೇಳುತ್ತಾರೆ, ಕೆಲವರು ನಗುತ್ತಾರೆ. ಒಬ್ಬ ತಂದೆಯ ಮೂರು ದಿನಗಳ ಕೂಲಿಯ ಋಣ ನನ್ನ ಮೇಲಿದೆ. ಹೇಳುವುದು ನನ್ನ ಕರ್ತವ್ಯ.