ಚೀಟಿಯಲ್ಲಿ ಊರಿದೆ, ಕೆರೆ ಎಲ್ಲಿ?

ಕಾಡುಭತ್ತ ಕೆರೆಯಂಚಿನ ಕೆಸರಲ್ಲಿ ತಾನಾಗಿ ಹುಟ್ಟಿ, ಕಾಳು ಮಾಗುತ್ತಲೇ ಉದುರಿಸಿಬಿಡುವ ಹುಲ್ಲು. ರೈತರಿಗೆ ಅದು ಕಳೆ. ಆದರೆ ಏಷ್ಯಾದ ಗದ್ದೆಗಳಿಗೆ ಗ್ರಾಸಿ ಸ್ಟಂಟ್ ವೈರಸ್ ಬಡಿದಾಗ, ಸಾವಿರಾರು ತಳಿ ಜಾಲಾಡಿದ ಮೇಲೆ ಅದನ್ನು ತಡೆಯುವ ಗುಣ ಸಿಕ್ಕಿದ್ದು ಉತ್ತರ ಪ್ರದೇಶದ ‘ಒರೈಝಾ ನಿವಾರಾ’ ಎಂಬ ಕಾಡುಭತ್ತದಲ್ಲಿ.

ಹಾಗಾಗಿ ಯಾವ ಗಿಡ ಎಲ್ಲಿತ್ತು ಅನ್ನೋದು ಸಣ್ಣ ವಿಷಯ ಅಲ್ಲ. ಹರ್ಬೇರಿಯಂನಲ್ಲಿ ಒಣಗಿಸಿದ ಗಿಡವನ್ನು ಹಾಳೆಗೆ ಅಂಟಿಸಿ, ಯಾರು, ಯಾವಾಗ, ಎಲ್ಲಿ ಕಿತ್ತರು ಅಂತ ಚೀಟಿ ಹಚ್ಚುತ್ತಾರೆ. ತೊಡಕು ಇರೋದು ಆ ‘ಎಲ್ಲಿ’ಯಲ್ಲಿ. ಹಳೇ ಚೀಟಿಯಲ್ಲಿ ಬರೀ ‘ಹಳಿಯಾಳ’ ಅಂತಿದ್ದರೆ ಅದು ಇವತ್ತಿನ ದಾಂಡೇಲಿಯೂ ಆಗಿರಬಹುದು. ದಾಂಡೇಲಿ ಬೇರೆ ತಾಲ್ಲೂಕಾದದ್ದು ಮೊನ್ನೆ ಮೊನ್ನೆ. ‘ಸೂಪಾ’ ಅಂತಿದ್ದರೆ? ತಾಲ್ಲೂಕು ಜೋಯಿಡಾ ಆಯಿತು, ಸೂಪಾ ಊರು ಕಾಳಿ ಅಣೆಕಟ್ಟಿನ ಹಿನ್ನೀರಿನ ಅಡಿ ಹೋಯಿತು. ಹೋಗಿ ನೋಡೋಣ ಅಂದರೆ ದೋಣಿ ಬೇಕು!

ಅಣೆಕಟ್ಟು ಕಟ್ಟೋರು ನಮ್ಮವರೇ, ಎಂಜಿನಿಯರುಗಳು. ನಮ್ಮ ಲೆಕ್ಕದಲ್ಲಿ ಎಕರೆ ಇರುತ್ತೆ, ಮೆಗಾವ್ಯಾಟ್ ಇರುತ್ತೆ. ಕೆರೆಯಂಚಿನ ಹುಲ್ಲಿಗೆ ಕಾಲಂ ಇರಲ್ಲ. ಇರಬೇಕು ಅನ್ನೋದು ನಮ್ಮ ವಾದ.

ಮುಂಡಗೋಡ, ಹಳಿಯಾಳದ ಕೆರೆಗಳ ಹೂಳೆತ್ತುವ ಪ್ರಾಜೆಕ್ಟ್ ಹಿಡಿಯುವ ಸಿವಿಲ್ ಗೆಳೆಯರೇ, ಜೆಸಿಬಿ ಇಳಿಯುವ ಮುಂಚೆ ಒಮ್ಮೆ ಅಂಚು ಸುತ್ತಿ ಬನ್ನಿ. ಮೊಬೈಲ್ ಫೋಟೋ ಒಂದೇ ಸಾಲದು, ತೆನೆ ನೋಡದೆ ಹುಲ್ಲು ಗುರುತಿಸೋದು ಕಷ್ಟ. ಅನುಮತಿ ಕೇಳಿ, ತೆನೆ ಸಮೇತ ಒಂದು ಗಿಡ ಪೇಪರ್ ಮಧ್ಯೆ ಒಣಗಿಸಿ, ಕೆರೆಯ ಹೆಸರು, ತಾರೀಕು, ಅಕ್ಷಾಂಶ-ರೇಖಾಂಶ ಬರೆದಿಡಿ. ಬೆಂಗಳೂರಿನ ಐಐಎಸ್‌ಸಿಯಲ್ಲಿ ಹರ್ಬೇರಿಯಂ ಇದೆ, ಕೇಳಿ ನೋಡೋಣ.